ಬುದ್ಧಿಯನ್ನು ಬಳಿಯಲ್ಲಿಟ್ಟುಕೊಳ್ಳುವದು

ಇಂಗ್ಲಿಷು ಭಾಷೆಯಲ್ಲಿ ‘ಕೀಪ್ ಯುವರ್ ವಿಟ್ಸ್ ಅಬೌಟ್ ಯು’ ಎಂಬ ನುಡಿಗಟ್ಟೊಂದುಂಟು. ಗಾಬರಿಯ ವೇಳೆಯಲ್ಲಿಯೂ ಮನಸ್ಸನ್ನು ಚೆದರಗೊಡದೆ ಎಚ್ಚರವಾಗಿರು ಎಂಬದು ಅದರ ತಾತ್ಪರ್ಯವು. ಹಲವು ವರುಷಗಳ ಹಿಂದೆ ಭಾಷಾಂತರದ ಪಾಠದಲ್ಲಿ ನಾವು ಇದನ್ನು ಕೊಟ್ಟಾಗ ಒಬ್ಬ ಹುಡುಗಿಯು, “ನಿನ್ನ ಬುದ್ಧಿಗಳನ್ನು ನಿನ್ನ ಸುತ್ತಲೂ ಇಟ್ಟುಕೋ” ಎಂದು ಬರೆದಳು. ತರಗತಿಯೆಲ್ಲಾ ನಕ್ಕಿತು, ನಾವೂ ನಕ್ಕೆವು. ಆಕೆಯು ಮಾತ್ರ ನಗದೆ, “ಅಮ್ಮನವರೇ, ಬುದ್ಧಿಯು ಒಂದೇ ಅಲ್ಲವೇ? ಇಲ್ಲಿ ಬಹುವಚನವೇಕೆ?” ಎಂದು ಕೇಳಿದಳು. ನಮಗೆ ಉತ್ತರ ತಿಳಿಯದು. “ಅದು ರೂಢಿ, ಕುಳಿತುಕೋ” ಎಂದೆವು. ಆ ವರುಷವೆಲ್ಲಾ ಆಕೆಯು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ಆ ಸಾಲವನ್ನು ಇಲ್ಲಿ ತೀರಿಸಲೆತ್ನಿಸುವೆವು.

ಕಣ್ಣು, ಕಿವಿ ಮೊದಲಾದ ಐದು ಇಂದ್ರಿಯಗಳು ಹೊರಗಿರುವಂತೆ ಮನಸ್ಸಿನೊಳಗೂ ಐದು ಶಕ್ತಿಗಳುಂಟೆಂದು ಮಧ್ಯಯುಗದ ಯೂರೋಪಿನ ಪಂಡಿತರು ಎಣಿಸುತ್ತಿದ್ದರು. ಅವು ಯಾವವೆಂದರೆ: ಇಂದ್ರಿಯಗಳು ತಂದದ್ದನ್ನು ಒಟ್ಟುಗೂಡಿಸುವದು, ಕಂಡದ್ದರ ರೂಪವನ್ನು ಹಿಡಿದಿಡುವದು, ಕಾಣದ್ದನ್ನು ಕಲ್ಪಿಸುವದು, ಹಿತಾಹಿತವನ್ನು ಅಳೆಯುವದು, ನೆನಪಿನಲ್ಲಿಡುವದು. ತೋಳವನ್ನು ಕಂಡೊಡನೆ ಕುರಿಯು ಓಡುವದು ನಾಲ್ಕನೆಯ ಶಕ್ತಿಯಿಂದಲೇ ಎಂಬ ದೃಷ್ಟಾಂತವನ್ನು 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ಎಂಬ ವೈದ್ಯಪಂಡಿತನು ಕೊಟ್ಟಿದ್ದನು. ಈ ಐದಕ್ಕೆ ಇಂಗ್ಲಿಷರು ‘ಐದು ವಿಟ್ಸ್’ ಎಂದು ಹೆಸರಿಟ್ಟರು. 1609ರಲ್ಲಿ ಅಚ್ಚಾದ ಸಾನೆಟ್ಟುಗಳಲ್ಲಿ ಷೇಕ್ಸ್‌ಪಿಯರ್ ಮಹಾಕವಿಯು ಇವುಗಳನ್ನು ಪಂಚೇಂದ್ರಿಯಗಳಿಂದ ಬೇರೆಯಾಗಿಯೇ ಎಣಿಸಿದ್ದಾನೆ. ಬಹುವಚನದ ಗುಟ್ಟು ಇದೇ.

ಇನ್ನು ‘ಅಬೌಟ್’ ಎಂಬದಕ್ಕೆ ಸುತ್ತಲೂ ಎಂಬದಲ್ಲದೆ, ಬಳಿಯಲ್ಲಿ, ಮೈಮೇಲೆ ಎಂಬರ್ಥವೂ ಉಂಟು. ದಾರಿಗನು ಹಣವನ್ನು ಮೈಮೇಲಿಟ್ಟುಕೊಂಡು ನಡೆಯುವಂತೆ ಬುದ್ಧಿಶಕ್ತಿಗಳನ್ನೂ ಬಳಿಯಲ್ಲಿಟ್ಟುಕೊಳ್ಳಬೇಕು. “ಮೈಮೇಲೆ ಎಚ್ಚರವಿರಲಿ” ಎಂದು ನಾವೂ ಹೇಳುವದಿಲ್ಲವೇ? ಹಾಲುಕ್ಕಿಸಿದ ಮಗಳನ್ನು, “ನಿನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು?” ಎಂದು ತಾಯಿಯು ಗದರಿಸುವಳು. ಬುದ್ಧಿಯು ನಮ್ಮನ್ನು ಬಿಟ್ಟು ಅಲೆಯಬಲ್ಲದೆಂಬ ಭಾವವು ಎರಡು ಭಾಷೆಗಳಲ್ಲಿಯೂ ಒಂದೇ.

ಇನ್ನೊಂದು ಸೋಜಿಗವೇನೆಂದರೆ, ಹಳೆಯ ಇಂಗ್ಲಿಷಿನಲ್ಲಿ ‘ವಿಟನ್’ ಎಂದರೆ ತಿಳಿಯುವದು; ಸಂಸ್ಕೃತದಲ್ಲಿ ‘ವಿದ್’ ಎಂಬ ಧಾತುವಿಗೂ ಅದೇ ಅರ್ಥ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸ್ ಎಂಬವರು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದರು. ಇಂಗ್ಲಿಷೂ ಆ ಕುಲದ್ದೆಂದು ವಿದ್ವಾಂಸರು ಒಪ್ಪಿರುವರು. ಕನ್ನಡವು ದ್ರಾವಿಡ ಕುಲದ ಭಾಷೆಯಾದರೂ ಸಂಸ್ಕೃತದಿಂದ ‘ವಿದ್ಯೆ’ ಎಂಬ ಮಾತನ್ನು ತೆಗೆದುಕೊಂಡಿತು. ಆದಕಾರಣ ಅವರ ‘ವಿಟ್’ ನಮ್ಮ ‘ವಿದ್ಯೆ’ಗೆ ದೂರದ ನಂಟಳಾದಳು.

ವಿದ್ಯೆಯನ್ನು ಶಾಲೆಯಲ್ಲಿ ಕಲಿತರೆ ಸಾಲದು. ಬೇಕಾದ ಗಳಿಗೆಯಲ್ಲಿ ಅದು ಬಳಿಯಲ್ಲಿರಬೇಕು. ಮಗುವು ಜ್ವರದಿಂದ ನಡುಗುವ ರಾತ್ರಿಯಲ್ಲಿ, ಸಾಲದ ಕಾಗದಕ್ಕೆ ರುಜು ಹಾಕೆಂದು ಯಾರಾದರೂ ಅವಸರಪಡಿಸುವಾಗ, ಅಲೆಯುವ ಮನಸ್ಸನ್ನು ಕರೆದು ಕೂಡ್ರಿಸಿಕೊಳ್ಳುವವಳೇ ಎಚ್ಚರವುಳ್ಳವಳು. ಪೋಷಕರಿಗೆ ನಮ್ಮದೊಂದು ಬಿನ್ನಹವುಂಟು: ಮಗಳು “ಏಕೆ?” ಎಂದು ಕೇಳಿದಾಗ ನಗಬೇಡಿರಿ. ಆ ದಿನ ಇಡೀ ತರಗತಿಯಲ್ಲಿ ಬುದ್ಧಿಯನ್ನು ಬಳಿಯಲ್ಲಿಟ್ಟುಕೊಂಡಿದ್ದವಳು ಆ ಹುಡುಗಿಯೊಬ್ಬಳೇ. ಈ ಸಂಚಿಕೆಯು ಆಕೆಯ ಕೈಗೆ ಸೇರಿದರೆ, ತಡವಾಗಿ ಬಂದ ಈ ಉತ್ತರವನ್ನು ಸ್ವೀಕರಿಸಿ ನಮ್ಮನ್ನು ಮನ್ನಿಸಲಿ.