ಹಿತ್ತಲ ತೋಟ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಗಾದೆ. ಕೈಗೆಟಕುವ ವಸ್ತುವಿನ ಬೆಲೆಯನ್ನು ನಾವು ಅರಿಯುವುದಿಲ್ಲವೆಂಬುದು ಅದರ ಇಂಗಿತ. ಇಂದಿನ ನಗರವಾಸಿಗಾದರೋ ಕಡೆಗಣಿಸಲು ಹಿತ್ತಲೇ ಉಳಿದಿಲ್ಲ.

ಬೆಂಗಳೂರಿನ ಪೂರ್ವಭಾಗದ ರಾಮಮೂರ್ತಿ ನಗರವನ್ನೇ ನೋಡೋಣ. ಅದರ ಸುತ್ತಣ ಕೌದೇನಹಳ್ಳಿ, ಹೊರಮಾವು, ಕಲ್ಕೆರೆಗಳು ಹಿಂದೆ ಹೊಲಗಳಿಂದ ಕೂಡಿದ ಹಳ್ಳಿಗಳಾಗಿದ್ದವು. ಇಂದು ಅಲ್ಲಿ ಮನೆಗೆ ಮನೆ ತಾಗಿಕೊಂಡಿದೆ. 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಮಿಗುವುದು ನೆಲದ ಒಂದು ಕಿರಿದಾದ ಪಟ್ಟಿ ಮಾತ್ರ. ಅಷ್ಟರಲ್ಲಿಯೂ ಸೊಪ್ಪು, ತರಕಾರಿಗಳನ್ನು ಬೆಳೆಯಬಹುದು. ಆದರೆ ಜಾಗಕ್ಕಿಂತ ದೊಡ್ಡ ಸಮಸ್ಯೆ ನೀರಿನದು. 2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಿಗೆಯಲ್ಲಿ ನಗರದ ಅನೇಕ ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಜಲಮಂಡಲಿಯು 2024ರ ಮಾರ್ಚ್ ತಿಂಗಳಿನಲ್ಲಿ ಆಜ್ಞೆ ಹೊರಡಿಸಿತು. ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವ ಕಾವೇರಿಯ ನೀರನ್ನು ಗಿಡಗಳಿಗೆ ಸುರಿಯುವುದು ನ್ಯಾಯವೂ ಅಲ್ಲ. ಆದುದರಿಂದ ಮನೆಯು ಬೇಡವೆಂದು ಬಿಟ್ಟದ್ದರಿಂದಲೇ ಬದುಕುವ ತೋಟವು ಮಾತ್ರ ಬಹುಕಾಲ ಬಾಳಬಲ್ಲದು.

ಮೊದಲನೆಯದು ನೀರು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ದೊರೆಯುತ್ತದೆ. 60 ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ 1,200 ಲೀಟರ್ ಆಯಿತು! ಇದನ್ನು ಮುಚ್ಚಳವಿರುವ ತೊಟ್ಟಿಯಲ್ಲಿ ಕೂಡಿಡಬೇಕು. ತೆರೆದಿಟ್ಟರೆ ಸೊಳ್ಳೆಗಳಿಗೆ ತವರಾಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರನ್ನು ನೇರವಾಗಿ ಗಿಡಗಳಿಗೆ ಹಾಕಬಹುದು. ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ಹರಿಯಬಿಡುವುದು ನಮ್ಮ ಹಿರಿಯರ ಪದ್ಧತಿ. ಆದರೆ ಸಾಬೂನು ಬೆರೆತ ನೀರನ್ನು ಸೊಪ್ಪಿನ ಮಡಿಗಳಿಗೆ ಹಾಯಿಸಬಾರದು.

ಎರಡನೆಯದು ಗೊಬ್ಬರ. ನಗರದ ಕಸವನ್ನು ಬಹುಕಾಲ ಪೂರ್ವದಿಕ್ಕಿನ ಮಂಡೂರಿನಲ್ಲಿ ಸುರಿಯಲಾಗುತ್ತಿತ್ತು. ಆ ಗ್ರಾಮಸ್ಥರು ದುರ್ನಾತವನ್ನು ಸಹಿಸಲಾರದೆ ಹೋರಾಡಿ, 2014ರಲ್ಲಿ ಅದನ್ನು ನಿಲ್ಲಿಸಿದರು. ನಮ್ಮ ಅಡುಗೆಮನೆಯ ಸಿಪ್ಪೆಯು ಇನ್ನೊಬ್ಬರ ಊರಿಗೆ ಹೊರೆಯಾಗಬೇಕಿಲ್ಲ. ಗಾಳಿಯಾಡುವ ಮಡಕೆಯಲ್ಲಿ ಸಿಪ್ಪೆ ಒಂದು ಪದರ, ಒಣ ಎಲೆ ಒಂದು ಪದರದಂತೆ ತುಂಬಿ, ಆಗಾಗ ಕೆದಕುತ್ತಿದ್ದರೆ, ಎರಡು ಮೂರು ತಿಂಗಳಿನಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗುತ್ತದೆ. ಬುಡಕ್ಕೆ ತರಗೆಲೆ ಹೊದಿಸಿದರೆ ತೇವವು ಬೇಗ ಆರುವುದಿಲ್ಲ.

ಮೂರನೆಯದು ಬೆಳೆಯ ಆಯ್ಕೆ. ಟೊಮೇಟೊ, ಬದನೆ, ಬೆಂಡೆಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಅವುಗಳಿಗೆ ಮಹಡಿಯೇ ಲೇಸು. ನೆಲದ ಪಟ್ಟಿಯಲ್ಲಿ ಮೆಂತ್ಯ, ದಂಟಿನ ಸೊಪ್ಪು, ದೊಡ್ಡಪತ್ರೆಗಳು ಅಲ್ಪ ಬಿಸಿಲಿನಲ್ಲಿಯೂ ಬೆಳೆಯುತ್ತವೆ. ಮೆಂತ್ಯವು ಒಂದು ತಿಂಗಳಿನಲ್ಲಿ ಕೊಯ್ಲಿಗೆ ಬರುತ್ತದೆ. ಬಸಳೆ, ಅವರೆಯ ಬಳ್ಳಿಗಳನ್ನು ಗೋಡೆಗೆ ಹಬ್ಬಿಸಬಹುದು. ಅವರೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಬಳ್ಳಿಗೆ ಒದಗಿಸುತ್ತವೆ. ಆ ಬೇರು ಕೊಳೆತಾಗ ಮಣ್ಣೂ ಫಲವತ್ತಾಗುತ್ತದೆ.

ಇಷ್ಟು ನೆಲವು ಒಂದು ಕುಟುಂಬದ ಹೊಟ್ಟೆಯನ್ನು ತುಂಬಲಾರದು, ನಿಜ. ಅಕ್ಕಿ, ರಾಗಿಗಳಿಗೆ ನಾವು ಎಂದೆಂದಿಗೂ ರೈತನಿಗೆ ಋಣಿಗಳು. ಆದರೆ ಒಂದು ಹಿಡಿ ಸೊಪ್ಪನ್ನು ತಾನೇ ಬೆಳೆದವನು ತಟ್ಟೆಯಲ್ಲಿ ಅನ್ನವನ್ನು ಬಿಡಲಾರ. ನಲ್ಲಿಯನ್ನು ತೆರೆದಿಟ್ಟು ಹೋಗಲಾರ. ಹಿತ್ತಲ ಗಿಡವು ನೀಡುವ ನಿಜವಾದ ಮದ್ದು ಇದೇ.