ಮೊದಲು ಓಗೊಟ್ಟಿದ್ದು ತಲೆ

ಐದನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ನೋಡಿ. ಅಳತೆಗಳ ಸಾಲಿನಲ್ಲಿ ಮೊದಲಿಗೇ ಎರಡು ಅಂಕಿ: ಬಿಪಿಡಿ ಸುಮಾರು 47 ಮಿ.ಮೀ., ಎಚ್‌ಸಿ ಸುಮಾರು 175 ಮಿ.ಮೀ. ಒಂದು ಮಗುವಿನ ತಲೆಯ ಅಗಲ, ಇನ್ನೊಂದು ತಲೆಯ ಸುತ್ತಳತೆ. ಹೊಟ್ಟೆ, ತೊಡೆಮೂಳೆಗಳ ಲೆಕ್ಕ ಆಮೇಲೆ. ಸ್ಕ್ಯಾನಿಂಗ್‌ನ ಚರಿತ್ರೆಯಲ್ಲೂ ತಲೆಯೇ ಮುಂದೆ. ಅದು ದೇಹದ ಮುಖ್ಯ ಅಂಗವೆಂಬ ಗೌರವದಿಂದೇನೂ ಅಲ್ಲ. ಶಬ್ದ ಕಳಿಸಿದಾಗ ಸ್ಪಷ್ಟವಾಗಿ ವಾಪಸು ಕೊಟ್ಟದ್ದು ತಲೆಬುರುಡೆ, ಅಷ್ಟೇ.

ಕಥೆ ಶುರುವಾಗುವುದು ಸ್ಕಾಟ್ಲೆಂಡಿನ ಗ್ಲಾಸ್ಗೋ ಹತ್ತಿರ, ಅದೂ ಬಾಯ್ಲರ್ ಕಾರ್ಖಾನೆಯೊಂದರಲ್ಲಿ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಸೂತಿ ವಿಭಾಗದ ಪ್ರೊಫೆಸರ್ ಆಗಿದ್ದ ಇಯಾನ್ ಡೊನಾಲ್ಡ್ ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದವರು. ರಾಡಾರ್, ಸೋನಾರ್‌ಗಳ ಪರಿಚಯವಿತ್ತು. ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಯವರು ಉಕ್ಕಿನ ಬೆಸುಗೆಯೊಳಗಿನ ಬಿರುಕನ್ನು ಶ್ರವಣಾತೀತ ಶಬ್ದದಿಂದ ಹುಡುಕುತ್ತಾರೆಂದು ತಿಳಿದದ್ದೇ ತಡ, 1955ರ ಜುಲೈನಲ್ಲಿ ಆಪರೇಷನ್ ಮಾಡಿ ತೆಗೆದ ಗರ್ಭಕೋಶದ ಗಡ್ಡೆಗಳನ್ನೂ ಅಂಡಾಶಯದ ನೀರುಗುಳ್ಳೆಗಳನ್ನೂ ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು ಅಲ್ಲಿಗೇ ಹೋದರು. ಹೋಲಿಸಿ ನೋಡಲು ಕಾರ್ಖಾನೆಯವರು ಒದಗಿಸಿದ್ದು ಒಂದು ದೊಡ್ಡ ಮಾಂಸದ ತುಂಡು. ಗಟ್ಟಿ ಗಡ್ಡೆಗೂ ನೀರುಗುಳ್ಳೆಗೂ ಪ್ರತಿಧ್ವನಿಯಲ್ಲಿ ವ್ಯತ್ಯಾಸ ಕಂಡಿತು. ಮುಂದೆ ಟಾಮ್ ಬ್ರೌನ್ ಎಂಬ ಇಪ್ಪತ್ತರ ಹರೆಯದ ಎಂಜಿನಿಯರ್ ಈ ಪ್ರಯೋಗದ ಸುದ್ದಿ ಕೇಳಿ ತಾನಾಗಿಯೇ ಡೊನಾಲ್ಡ್‌ಗೆ ಫೋನ್ ಮಾಡಿದ. ಡೊನಾಲ್ಡ್ ಜೊತೆ ಅವನೂ ಜಾನ್ ಮ್ಯಾಕ್‌ವಿಕರ್ ಎಂಬ ವೈದ್ಯರೂ ಸೇರಿ ಬರೆದ ಲೇಖನ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಉಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಗೊತ್ತಿಲ್ಲದಿರುವುದು ತಲೆಯ ಕಥೆ. ಹೊಟ್ಟೆಯೊಳಗಿನ ಮಗುವಿನ ತಲೆ ಬಹಳ ಸ್ಪಷ್ಟವಾದ ಪ್ರತಿಧ್ವನಿ ಕೊಡುತ್ತದೆಂದು ಡೊನಾಲ್ಡ್ 1959ರಲ್ಲಿ ಗಮನಿಸಿದರು. ತಾಯಿಯ ಕಟಿಯೆಲುಬಿನ ದಾರಿಯಲ್ಲಿ ಈ ತಲೆ ಹಿಡಿಸೀತೇ ಎನ್ನುವುದು ಹೆರಿಗೆ ಮಾಡಿಸುವವರ ಹಳೆಯ ಚಿಂತೆ. ಅದಕ್ಕಾಗಿ ಎಕ್ಸ್‌ರೇ ತೆಗೆಯುತ್ತಿದ್ದರು. ಆದರೆ ಗರ್ಭದಲ್ಲಿ ಎಕ್ಸ್‌ರೇ ತಗುಲಿದ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚೆಂದು ಆಕ್ಸ್‌ಫರ್ಡಿನ ಆಲಿಸ್ ಸ್ಟೂವರ್ಟ್ 1956ರಲ್ಲೇ ಎಚ್ಚರಿಸಿದ್ದರು. ಶಬ್ದದಿಂದ ಅಳೆಯುವ ಕೆಲಸವನ್ನು ಗ್ಲಾಸ್ಗೋದಲ್ಲಿ ಜೇಮ್ಸ್ ವಿಲಾಕ್ಸ್ ಕೈಗೆತ್ತಿಕೊಂಡರು.

ಆಗಿನ ಅಳತೆಯಲ್ಲಿ ಚಿತ್ರವೇ ಇರಲಿಲ್ಲ. ಪರದೆಯ ಮೇಲೆ ಒಂದು ಗೆರೆ, ಅದರ ಮೇಲೆ ಎದ್ದ ಮೊನೆಗಳು. ಹತ್ತಿರದ ಬುರುಡೆಗೋಡೆಗೆ ಒಂದು ಮೊನೆ, ಆಚೆಯ ಗೋಡೆಗೆ ಇನ್ನೊಂದು. ಎರಡರ ನಡುವಿನ ಕಾಲವೇ ತಲೆಯ ಅಗಲ. 47 ಮಿ.ಮೀ. ತಲೆಯನ್ನು ಶಬ್ದ ದಾಟಿ ಮರಳಲು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 60 ಪಾಲು ಸಾಕು. ತೊಂದರೆ ಇದ್ದದ್ದು ಬೇರೆಡೆ: ಶಬ್ದದ ಕಿರಣ ಸ್ವಲ್ಪ ಓರೆಯಾದರೂ ಅಳತೆ ಸುಳ್ಳು, ಮಗುವೋ ಹೇಳಿದಂತೆ ತಲೆ ತಿರುಗಿಸುವುದಿಲ್ಲ. ಕೈಹಿಡಿದದ್ದು ನಡುವಿನ ಒಂದು ಪುಟ್ಟ ಮೊನೆ, ಮಿದುಳಿನ ಎಡಬಲ ಭಾಗಗಳ ನಡುಗೆರೆಯದು. ಸ್ಟೂವರ್ಟ್ ಕ್ಯಾಂಪ್‌ಬೆಲ್ ಎಂಬ ವೈದ್ಯರು 1968ರಲ್ಲಿ ಪ್ರಕಟಿಸಿದ ಉಪಾಯ ಸರಳ: ಮೊದಲು ಚಿತ್ರ ತೆಗೆಯುವ ಸ್ಕ್ಯಾನ್‌ನಲ್ಲಿ ನಡುಗೆರೆ ಹುಡುಕು, ಆಮೇಲೆ ಅದಕ್ಕೆ ನೇರ ಅಡ್ಡವಾಗಿ ಅಳೆ. ಇಂದಿಗೂ ಪರದೆಯಲ್ಲಿ ಆ ಬಿಳಿ ನಡುಗೆರೆ ಮೂಡುವ ತನಕ ಡಾಕ್ಟರು ಪ್ರೋಬ್ ತಿರುಗಿಸುತ್ತಲೇ ಇರುತ್ತಾರೆ.

ಅಳತೆ ನಂಬಿಕೆಗೆ ಬಂದಮೇಲೆ ಅದರ ಉದ್ಯೋಗವೇ ಬದಲಾಯಿತು. ಐದನೇ ತಿಂಗಳ ಆಸುಪಾಸಿನಲ್ಲಿ ತಲೆಯ ಅಗಲ ವಾರಕ್ಕೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಮಗುವಿಂದ ಮಗುವಿಗೆ ಹೆಚ್ಚು ಅಂತರವಿಲ್ಲ. ಹಾಗಾದರೆ ತಲೆ ನೋಡಿ ದಿನ ಹೇಳಬಹುದಲ್ಲ! ಅದುವರೆಗೆ ಡ್ಯೂ ಡೇಟ್ ನಿಂತಿದ್ದು ತಾಯಿಯ ನೆನಪಿನ ಮೇಲೆ. ‘ಹಬ್ಬ ಆಗಿ ನಾಕು ದಿನಕ್ಕೆ ಮುಟ್ಟಾಗಿದ್ದೆ’ ಎನ್ನುವಾಕೆಗೆ ಯಾವ ತಾರೀಖು ಬರೆಯಬೇಕು? ಹಾದಿ ಹಿಡಿಸೀತೇ ಎಂದು ಕೇಳಲು ಹುಟ್ಟಿದ ಅಳತೆ ಹೀಗೆ ಕ್ಯಾಲೆಂಡರ್ ಆಯಿತು. ದೋಷ ಪತ್ತೆಗೂ ತಲೆಯ ಸ್ಕ್ಯಾನ್ ಒದಗಿತು: ತಲೆಬುರುಡೆಯ ಮೇಲ್ಭಾಗವೂ ಮಿದುಳಿನ ಬಹುಭಾಗವೂ ರೂಪುಗೊಳ್ಳದ ಭ್ರೂಣವನ್ನು ಹದಿನೇಳನೇ ವಾರದಲ್ಲೇ ಗುರುತಿಸಿದ ವರದಿಯನ್ನು ಕ್ಯಾಂಪ್‌ಬೆಲ್ ತಂಡ ಪ್ರಕಟಿಸಿದ್ದು 1972ರಲ್ಲಿ.

ಅಗಲವೊಂದೇ ಸಾಲದು ಎನ್ನುವುದು ಬೇಗ ಗೊತ್ತಾಯಿತು. ಕಾಲು ಕೆಳಗಾಗಿ ಕೂತ ಮಗುವಿನ ತಲೆ ಎಷ್ಟೋ ಸಲ ಮಾವಿನಕಾಯಿಯಂತೆ ಉದ್ದುದ್ದ. ಅಗಲ ಕಡಿಮೆ ಬಂತೆಂದು ಮಗು ಚಿಕ್ಕದಲ್ಲ. ಸುತ್ತಳತೆ ಈ ಮೋಸಕ್ಕೆ ಬೀಳುವುದಿಲ್ಲ. 1977ರಲ್ಲಿ ತಲೆ-ಹೊಟ್ಟೆಗಳ ಸುತ್ತಳತೆಯ ಅನುಪಾತ ಬಂತು. ಪೋಷಣೆ ಸಾಲದಾದಾಗ ಮಗು ಮಿದುಳನ್ನು ಉಳಿಸಿಕೊಂಡು ಯಕೃತ್ತಿನ ದಾಸ್ತಾನು ಖರ್ಚು ಮಾಡುತ್ತದೆ. ಹೊಟ್ಟೆ ಸೊರಗುತ್ತದೆ, ತಲೆ ಲೆಕ್ಕಕ್ಕೆ ಸರಿಯಾಗೇ ಇರುತ್ತದೆ. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಹೆಚ್ಚು ಬೆರಗು ಹುಟ್ಟಿಸುವ ಸಂಗತಿ ಇದು.

ನಮ್ಮ ದೇಶದಲ್ಲಿ ಈ ಯಂತ್ರ ತಲೆ ಅಳೆಯುವುದಕ್ಕಿಂತ ಬೇರೆ ಕಾರಣಕ್ಕೆ, ಹೆಣ್ಣೆಂದು ತಿಳಿದು ಗರ್ಭಪಾತ ಮಾಡಿಸುವುದಕ್ಕೆ, ಕುಖ್ಯಾತವಾಯಿತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾನೂನು, ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲಿ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು ಅದರ ಫಲ. ಡೊನಾಲ್ಡ್ ಸ್ವತಃ ಗರ್ಭಪಾತದ ಕಟ್ಟಾ ವಿರೋಧಿಯಾಗಿದ್ದರು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಯಾರ ತಲೆಗೆ ಯಾರ ಬೆಳವಣಿಗೆಯ ಪಟ್ಟಿ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮ್ಮ ನಾಗಪುರವೂ ಸೇರಿ ಎಂಟು ದೇಶಗಳ ಊರುಗಳಲ್ಲಿ ಗರ್ಭಿಣಿಯರನ್ನು ಅಳೆದ ಇಂಟರ್‌ಗ್ರೋತ್-21 ಅಧ್ಯಯನ, ತಾಯಿ ಆರೋಗ್ಯವಾಗಿದ್ದರೆ ಮಕ್ಕಳು ಎಲ್ಲೆಡೆ ಒಂದೇ ರೀತಿ ಬೆಳೆಯುತ್ತವೆಂದು 2014ರಲ್ಲಿ ಹೇಳಿತು. ಮರುವರ್ಷವೇ ಅಮೆರಿಕದ ಅಧ್ಯಯನವೊಂದು ಜನಾಂಗಗಳ ನಡುವೆ ವ್ಯತ್ಯಾಸವಿದೆ ಎಂದಿತು. ಮನೆಮಂದಿಯ ಗೊಂದಲ ಇನ್ನೂ ಸಾದಾ: ಪ್ರತಿ ಸ್ಕ್ಯಾನಿಂಗ್‌ನಲ್ಲೂ ಡ್ಯೂ ಡೇಟ್ ಬೇರೆ ಬೇರೆ! ಯಂತ್ರ ಆ ದಿನದ ಅಳತೆಯಿಂದ ಹೊಸದಾಗಿ ಲೆಕ್ಕ ಹಾಕುತ್ತದೆ, ಕೊನೆಯ ತಿಂಗಳುಗಳಲ್ಲಿ ಆ ಲೆಕ್ಕ ಎರಡು ಮೂರು ವಾರ ಆಚೀಚೆ ಆಗಬಹುದು. ಮೊದಲ ತಿಂಗಳುಗಳ ಸ್ಕ್ಯಾನ್‌ನಲ್ಲಿ ಗೊತ್ತಾದ ತಾರೀಖನ್ನೇ ಡಾಕ್ಟರು ಹಿಡಿದುಕೊಳ್ಳುವುದು ಅದಕ್ಕೇ. ಒಂಬತ್ತನೇ ತಿಂಗಳ ರಿಪೋರ್ಟಿನಲ್ಲಿ ತಲೆ ಚಿಕ್ಕದು ಬಂದರೆ ತಾರೀಖು ಮುಂದೂಡುವುದಿಲ್ಲ, ಮಗುವಿನ ಬೆಳವಣಿಗೆ ಹೇಗಿದೆಯೆಂದು ನೋಡುತ್ತಾರೆ.