ಇಪ್ಪತ್ತು ರೂಪಾಯಿಯ ಅಗ್ಗ

ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ಷೇರುಪೇಟೆಯಲ್ಲಿ ತೊಡಗಿಸಲು ಹೊರಟಾಗ ಹಳೆಯ ದಲ್ಲಾಳಿ ಶೇ 0.5ರಷ್ಟು ಕಮಿಷನ್ ಕೇಳಿದರು. ಒಂದು ಲಕ್ಷದ ಖರೀದಿಗೆ ಐನೂರು ರೂಪಾಯಿ! ಬೆಂಗಳೂರಿನಲ್ಲಿಯೇ 2010ರಲ್ಲಿ ಆರಂಭವಾದ ಜೆರೋಧಾ ಮತ್ತು ಅದರ ಮಾದರಿಯ ಆನ್‌ಲೈನ್ ಬ್ರೋಕರ್‌ಗಳು ವಹಿವಾಟು ಎಷ್ಟೇ ದೊಡ್ಡದಿರಲಿ, ಆರ್ಡರಿಗೆ ಹೆಚ್ಚೆಂದರೆ 20 ರೂಪಾಯಿ ಎಂದದ್ದು ನನ್ನಂಥವರಿಗೆ ವರವೇ ಆಗಿತ್ತು. ಅಂಥದೊಂದು ಕಡೆ ಖಾತೆ ತೆರೆದೆ.

ಅದೇ ಅಗ್ಗ ನನ್ನನ್ನು ಆಪ್ಷನ್ಸ್‌ನತ್ತ ಎಳೆಯಿತು. ಇಪ್ಪತ್ತೇ ರೂಪಾಯಿ ತಾನೆ ಎಂದು ದಿನಕ್ಕೆ ಹತ್ತು ಆರ್ಡರ್ ಹಾಕಿದರೆ ಇಪ್ಪತ್ತು ದಿನಕ್ಕೆ ನಾಲ್ಕು ಸಾವಿರ. ಅದರ ಮೇಲೆ ಷೇರು ವಹಿವಾಟು ತೆರಿಗೆ, ವಿನಿಮಯ ಕೇಂದ್ರದ ಶುಲ್ಕ, ಜಿಎಸ್‌ಟಿ. ಮೂರು ತಿಂಗಳಲ್ಲಿ ಒಟ್ಟು ಕಳೆದುಕೊಂಡದ್ದೆಷ್ಟೆಂದು ಮನೆಯಾಕೆಗೆ ಇನ್ನೂ ಪೂರ್ತಿ ಹೇಳಿಲ್ಲ.

ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ, 2024ರ ಮಾರ್ಚ್‌ಗೆ ಕೊನೆಗೊಂಡ ಮೂರು ವರ್ಷಗಳಲ್ಲಿ ನಷ್ಟ ಕಂಡರೆಂದು ಸೆಬಿಯ ಅಧ್ಯಯನವೇ ಹೇಳಿದೆ.

ಬ್ರೋಕರ್ ಯಾರೆಂದು ಕೇಳುವ ಗೆಳೆಯರಿಗೆ ಈಗ ನಾನು ದರಪಟ್ಟಿಯನ್ನು ಮೊದಲು ತೋರಿಸುವುದಿಲ್ಲ. ಸೆಬಿ ನೋಂದಣಿ ಇದೆಯೇ? ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕವೆಷ್ಟು? ಪೇಟೆ ಕುಸಿಯುತ್ತಿರುವ ಹೊತ್ತಿನಲ್ಲಿ ಆ್ಯಪ್ ನಿಂತರೆ ದೂರವಾಣಿಯಲ್ಲಿ ಯಾರಾದರೂ ಸಿಗುತ್ತಾರೆಯೇ? ಆಪ್ಷನ್ಸ್ ಸೌಲಭ್ಯವನ್ನು ನನ್ನ ಖಾತೆಯಿಂದ ತೆಗೆಸಿದ್ದೇನೆ. ಅದಕ್ಕೆ ಶುಲ್ಕವೇನೂ ಬೀಳಲಿಲ್ಲ.